ಬಿಸಿಲು ಅಳೆಯಲು ಪೈರಾನೋಮೀಟರಾ, ಸಿಲಿಕಾನ್ ಸೆಲ್ಲಾ?

ಚಳ್ಳಕೆರೆ, ಹಿರಿಯೂರು ಕಡೆ ಜಮೀನಿನಲ್ಲಿ ಸೋಲಾರ್ ಪ್ಯಾನೆಲ್ ಹಾಕಿಸುವವರು ಮೊದಲು ಎರಡು ಅಳತೆಗಳನ್ನು ಬೇರೆ ಬೇರೆ ನೋಡಬೇಕು. ಈ ಕ್ಷಣ ಒಂದು ಚದರ ಮೀಟರ್ ಮೇಲೆ ಎಷ್ಟು ವ್ಯಾಟ್ ಬೀಳುತ್ತಿದೆ ಅನ್ನೋದು ಒಂದು, ದಿನವಿಡೀ ಸೇರಿ ಎಷ್ಟು ಯೂನಿಟ್ ಆಯ್ತು ಅನ್ನೋದು ಇನ್ನೊಂದು. 1000 ವ್ಯಾಟ್ ಬಿಸಿಲು ಒಂದು ಗಂಟೆ ಬಿದ್ದರೆ ಒಂದು ಯೂನಿಟ್.

ಪೈರಾನೋಮೀಟರ್‌ನಲ್ಲಿ ಗಾಜಿನ ಗುಮ್ಮಟದ ಕೆಳಗೆ ಕಪ್ಪು ತಟ್ಟೆ ಇರುತ್ತದೆ. ಅದು ಬಿಸಿಯಾದಷ್ಟೂ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಸುಮಾರು 300ರಿಂದ 2800 ನ್ಯಾನೋಮೀಟರ್‌ವರೆಗಿನ ತರಂಗಾಂತರದ (ಬೆಳಕಿನ ಅಲೆಯ ಉದ್ದ) ಬೆಳಕನ್ನು ಸಮನಾಗಿ ಹಿಡಿಯುತ್ತದೆ, ನೇರ ಬಿಸಿಲಷ್ಟೇ ಅಲ್ಲ, ಮೋಡದಿಂದ ಚದುರಿ ಬರುವುದನ್ನೂ. ಆದರೆ ದುಬಾರಿ, ಮತ್ತೆ ಮೋಡ ಸರಿದಾಗ ರೀಡಿಂಗ್ ಸ್ಥಿರವಾಗಲು ಕೆಲವು ಸೆಕೆಂಡ್ ಬೇಕು.

ಸಿಲಿಕಾನ್ ಸೆಲ್ ಅಂದರೆ ಪ್ಯಾನೆಲ್‌ನಲ್ಲಿ ಇರುವಂಥದ್ದೇ ಒಂದು ಸಣ್ಣ ಸೆಲ್. ಅಗ್ಗ, ತಕ್ಷಣ ಹೇಳುತ್ತದೆ. ಸುಮಾರು 1100 ನ್ಯಾನೋಮೀಟರ್ ಆಚೆಗಿನದು ಅದಕ್ಕೆ ಕಾಣಲ್ಲ, ಆದರೆ ನಿಮ್ಮ ಪ್ಯಾನೆಲ್‌ಗೂ ಕಾಣಲ್ಲ ಅಲ್ವಾ? ಅದಕ್ಕೇ ಪ್ಯಾನೆಲ್ ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ನೋಡಲು ನನಗೆ ಇದೇ ಇಷ್ಟ. ಸೆಲ್ ಬಿಸಿಯಾದರೆ ರೀಡಿಂಗ್ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಉಷ್ಣಾಂಶವನ್ನೂ ಲೆಕ್ಕಕ್ಕೆ ತಗೊಳ್ಳುವ ಮಾದರಿಯನ್ನೇ ಕೇಳಿ. ಬ್ಯಾಂಕಿಗೆ ವರದಿ ಕೊಡಬೇಕು, ಬೇರೆ ಊರಿನ ಅಂಕಿಅಂಶದ ಜೊತೆ ಹೋಲಿಸಬೇಕು ಅಂದರೆ ಮಾತ್ರ ಪೈರಾನೋಮೀಟರ್‌ಗೆ ದುಡ್ಡು ಹಾಕಿ.

ಯಾವುದೇ ತಗೊಳ್ಳಿ, ಪ್ಯಾನೆಲ್ ಎಷ್ಟು ವಾಲಿದೆಯೋ ಅಷ್ಟೇ ವಾಲಿಸಿ ಕೂರಿಸಿ. ಚಿತ್ರದುರ್ಗ ಸುಮಾರು 14 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿ ಮೇಲೆ, ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಚೆನ್ನಾಗಿ ವಾಲಿರುತ್ತಾನೆ. ಆಗ ಸಪಾಟಾಗಿ ಇಟ್ಟ ಉಪಕರಣ, ದಕ್ಷಿಣಕ್ಕೆ ವಾಲಿಸಿದ ಪ್ಯಾನೆಲ್‌ಗೆ ಬೀಳುವುದಕ್ಕಿಂತ ಕಮ್ಮಿ ತೋರಿಸುತ್ತದೆ. ಧೂಳನ್ನಂತೂ ವಾರವಾರ ಒರೆಸಲೇಬೇಕು.