ಒಂಬತ್ತು ಪಟ್ಟಿನ ಆಸೆ ಬಿಟ್ಟ ಮೇಲೆ: ನನ್ನ ಕ್ರಾಸ್‌ಬೋ ಸ್ಕೋಪ್

ನನ್ನ ಬೇಟೆಯ ಕ್ರಾಸ್‌ಬೋ (ಕೋವಿಯಂತೆ ಹಿಡಿದು ಬಾಣ ಬಿಡುವ ಅಡ್ಡಬಿಲ್ಲು) ಮೇಲೆ ಮೊದಲು ಕೂತಿದ್ದು ರೈಫಲ್‌ಗೆ ಅಂತ ಮಾಡಿದ 3-9x40 ಸ್ಕೋಪ್, ಅಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ, ಮುಂದಿನ ಗಾಜು 40 ಮಿಲಿಮೀಟರ್ ಅಗಲದ ಗುರಿ ದುರ್ಬೀನು. ಒಂಬತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂದರೆ ಯಾರಿಗೆ ಬೇಡ? ಮಧ್ಯಾಹ್ನದ ಬಿಸಿಲಲ್ಲಿ ಹಲಗೆಯ ಮೇಲಿನ ಹಳೇ ತೂತುಗಳೆಲ್ಲ ಎಣಿಸೋ ಹಾಗೆ ಕಾಣುತ್ತಿದ್ದವು.

ಆದರೆ ಬೇಟೆಯ ಹೊತ್ತು ಮಧ್ಯಾಹ್ನ ಅಲ್ಲವಲ್ಲ. ಒಂದು ಮುಸ್ಸಂಜೆ ಜಿಂಕೆ 25 ಗಜದಲ್ಲಿ ನಿಂತಿತ್ತು. ಬರಿಗಣ್ಣಿಗೆ ಕಿವಿ ಅಲ್ಲಾಡಿಸೋದೂ ಕಾಣುತ್ತಿತ್ತು. ಸ್ಕೋಪಿಗೆ ಕಣ್ಣಿಟ್ಟರೆ ಬರೀ ಕಂದು ಮಸುಕು, ಮುಂಗಾಲು ಯಾವುದು, ಹಿಂಗಾಲು ಯಾವುದು ಗೊತ್ತಾಗಲಿಲ್ಲ. ಬಾಣ ಬಿಡದೆ ಇಳಿದು ಬಂದೆ.

ಲೆಕ್ಕ ಸುಲಭ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿ. 40 ಭಾಗಿಸು 9, ಅಂದರೆ ಕಣ್ಣಿಗೆ ಸಿಗೋದು ಸುಮಾರು 4.4 ಮಿಲಿಮೀಟರ್ ಬೆಳಕಿನ ಕಂಬ. ಕತ್ತಲಲ್ಲಿ ನಮ್ಮ ಪಾಪೆ 7 ಮಿಲಿಮೀಟರ್‌ವರೆಗೂ ಅರಳುತ್ತದೆ. ಅಷ್ಟು ಬಾಯಿ ತೆರೆದ ಕಣ್ಣಿಗೆ ಅರೆಹೊಟ್ಟೆ. ಅಷ್ಟೇ ಅಲ್ಲ, ರೈಫಲ್ ಹಿಂದಕ್ಕೆ ಒದೆಯುತ್ತದೆ. ಕ್ರಾಸ್‌ಬೋ ಹಾಗಲ್ಲ, ಹೆದೆ ನಿಂತ ಕ್ಷಣ ಮುಂದಕ್ಕೊಂದು ಜಗ್ಗು ಜಗ್ಗುತ್ತದೆ. ಆ ಜಗ್ಗಿಗೆ ನನ್ನ ಸ್ಕೋಪಿನೊಳಗೆ ಏನೋ ಸಡಿಲಾಗಿ, ಅಲ್ಲಾಡಿಸಿದರೆ ಗಿಲಕಿ ಥರ ಸದ್ದು ಬರತೊಡಗಿತು.

ಈಗಿರುವುದು ಕ್ರಾಸ್‌ಬೋಗೆ ಅಂತಲೇ ಮಾಡಿದ 1.5-5x32. ಗಾಜಿನೊಳಗೆ ಒಂದರ ಕೆಳಗೊಂದು ಐದು ಗೆರೆ: 20, 30, 40, 50, 60 ಗಜಕ್ಕೆ. ಕಣ್ಣಿನ ಕಡೆ ಒಂದು ಸ್ಪೀಡ್ ರಿಂಗ್ ಇದೆ. ಬಾಣದ ವೇಗ ಸೆಕೆಂಡಿಗೆ ಎಷ್ಟು ಅಡಿಯೋ ಆ ಅಂಕಿಗೆ ತಿರುಗಿಸಿಟ್ಟರೆ ಗೆರೆಗಳು ಬಾಣ ಬೀಳುವ ಲೆಕ್ಕಕ್ಕೆ ಹೊಂದಿಕೊಳ್ಳುತ್ತವೆ. ಅಸಲಿಗೆ ಅದು ಜೂಮ್ ರಿಂಗೇ. ಜೂಮ್ ಕಮ್ಮಿ ಮಾಡಿದರೆ ಗೆರೆಗಳ ನಡುವೆ ಜಾಸ್ತಿ ಜಾಗ ಸಿಗುತ್ತದೆ, ನಿಧಾನದ ಬಾಣಕ್ಕೆ ಬೇಕಾದ್ದೂ ಅದೇ.

ಇಲ್ಲೇ ನಾನು ಎಡವಿದ್ದು. ಕ್ರಾಸ್‌ಬೋ ಡಬ್ಬದ ಮೇಲೆ 370 ಅಂತ ಇತ್ತು, ಸುಮ್ನೆ ನಂಬಿ ರಿಂಗನ್ನು 370ಕ್ಕೆ ಇಟ್ಟೆ. 20 ಗಜದಲ್ಲಿ ಬಾಣ ಸರಿಯಾಗಿ ನಡುವಿಗೆ. 40ರಲ್ಲಿ ಎರಡು ಬೆರಳು ಕೆಳಗೆ. 60ರಲ್ಲಿ ಆರು ಬೆರಳು! ಡಬ್ಬದ ಅಂಕಿ ಹಗುರ ಬಾಣದ್ದು, ನನ್ನದು ಅದಕ್ಕಿಂತ ಭಾರ. ವೇಗ ಅಳೆಯೋ ಯಂತ್ರದ ಮೇಲೆ ಬಿಟ್ಟು ನೋಡಿದರೆ 345. ರಿಂಗನ್ನು ಅಲ್ಲಿಗೆ ತಿರುಗಿಸಿದೆ, ಮೂರೂ ದೂರದಲ್ಲಿ ಬಾಣ ಗೆರೆ ಹೇಳಿದಲ್ಲಿಗೇ ಹೋಯಿತು. ಆವತ್ತೇ ರಿಂಗಿಗೆ ಬಿಳಿ ಬಣ್ಣದ ಚುಕ್ಕೆ ಇಟ್ಟೆ. ಹತ್ತಿರದಿಂದ ನೋಡೋಣ ಅಂತ ಯಾರಾದರೂ ತಿರುಗಿಸಿದರೆ ಗೆರೆಗಳೆಲ್ಲ ಸುಳ್ಳಾಗುತ್ತವೆ, ಅಲ್ವಾ?

60 ಗಜದ ಗೆರೆ ಹಲಗೆಗೆ ಮಾತ್ರ. ಅಷ್ಟು ದೂರ ಹೋಗಲು ಬಾಣಕ್ಕೆ ಅರ್ಧ ಸೆಕೆಂಡಿಗೂ ಜಾಸ್ತಿ ಬೇಕು. ಅಷ್ಟರಲ್ಲಿ ಪ್ರಾಣಿ ಒಂದು ಹೆಜ್ಜೆ ಇಟ್ಟಿರುತ್ತದೆ.

ಹೊಂದಿಸುವಾಗ ಇನ್ನೊಂದು ವಿಷಯಕ್ಕೆ ತಾಳ್ಮೆ ಬೇಕು. ಗುರಿ ಸರಿಸುವ ತಿರುಪಿನ ಒಂದು ಕ್ಲಿಕ್‌ಗೆ ಕಾಲು ಇಂಚು ಅನ್ನುತ್ತಾರಲ್ಲ, ಅದು 100 ಗಜದ ಮಾತು. 20 ಗಜದಲ್ಲಿ ಒಂದು ಇಂಚು ಸರಿಸಲು ಸುಮಾರು 20 ಕ್ಲಿಕ್ ಬೇಕು. ಮೊದಲ ದಿನ ಮೂರು ಇಂಚು ಬಲಕ್ಕೆ ಹೋಗುತ್ತಿತ್ತು, ತಿರುಗಿಸಿ ತಿರುಗಿಸಿ ಉಗುರು ನೋವು ಬಂತು. ಆಮೇಲೆ ಅದು ಅಲ್ಲಾಡಿಲ್ಲ.

ಸಂಜೆ ಬೆಳಕಲ್ಲಿ ಈ ಚಿಕ್ಕ ಸ್ಕೋಪೇ ಗೆದ್ದಿತು. ಚುಕ್ಕೆ ಇಟ್ಟ ಜಾಗದಲ್ಲಿ ಅದು ಹೆಚ್ಚುಕಮ್ಮಿ ನಾಲ್ಕು ಪಟ್ಟು, 32 ಭಾಗಿಸು 4, ಎಂಟು ಮಿಲಿಮೀಟರ್. ಕಣ್ಣಿಗೆ ಹೊಟ್ಟೆ ತುಂಬ.

ಬೈಯಬೇಕಾದ್ದು ದೀಪವನ್ನು. ಗೆರೆಗಳು ಕೆಂಪು, ಹಸಿರು ಎರಡೂ ಬಣ್ಣದಲ್ಲಿ ಬೆಳಗುತ್ತವೆ, ಆದರೆ ಅತಿ ಕಮ್ಮಿಗೆ ಇಟ್ಟರೂ ಕತ್ತಲಲ್ಲಿ ಕಣ್ಣು ಕುಕ್ಕುತ್ತದೆ. ಅದರ ಗುಂಡಿ ಎಷ್ಟು ಸಡಿಲ ಅಂದರೆ ಚೀಲದೊಳಗೆ ತಾನೇ ತಿರುಗಿ ಎರಡು ಸಲ ಬ್ಯಾಟರಿ ಖಾಲಿ ಮಾಡಿತು. ಈಗ ಬ್ಯಾಟರಿ ಬಿಚ್ಚಿ ಜೇಬಲ್ಲಿ ಇಟ್ಟುಕೊಳ್ಳುತ್ತೇನೆ, ಕಪ್ಪು ಗೆರೆಯಲ್ಲೇ ಗುರಿ ಹಿಡಿಯುತ್ತೇನೆ.