ಎಳೆ ಎಲ್ಮ್ ಬೋನ್ಸಾಯ್ ಕಿಟ್: ಗಿಡ ಚೆನ್ನ, ತಂತಿ ಪರವಾಗಿಲ್ಲ, ತಟ್ಟೆ ಎತ್ತಿಡಿ

ಪೆನ್ಸಿಲ್ ದಪ್ಪದ ಚೈನೀಸ್ ಎಲ್ಮ್ ಗಿಡ, ಅಂಗೈ ಅಗಲದ ಪಿಂಗಾಣಿ ತಟ್ಟೆ, ಒಂದು ಪೊಟ್ಟಣ ಮಣ್ಣು, ಮೂರು ಅಳತೆಯ ಅಲ್ಯೂಮಿನಿಯಂ ತಂತಿ, ಒಂದು ಕತ್ತರಿ. ಬೋನ್ಸಾಯ್ ಕಲಿಯಹೊರಟವರಿಗೆಂದು ಮಾರುವ ಎಲ್ಮ್ ಕಿಟ್‌ಗಳಲ್ಲಿ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಕೊಟ್ಟ ದುಡ್ಡು ದಕ್ಕುವುದು ಗಿಡದಿಂದ. ತಟ್ಟೆಯನ್ನು ಕಡೇಪಕ್ಷ ಮೂರು ವರ್ಷ ಕಪಾಟಿನಲ್ಲಿಡಬೇಕು. ಜೊತೆಗೆ ಬರುವ ಚೀಟಿ ಮಾತ್ರ ಮೊದಲ ದಿನವೇ ಅದರಲ್ಲಿ ನೆಡಿ ಎನ್ನುತ್ತದೆ.

ಹೊಸಬರಿಗೆ ಇದಕ್ಕಿಂತ ಒಳ್ಳೆಯ ಗಿಡ ಕಡಿಮೆ. ಎಲೆ ಹುಟ್ಟಾ ಚಿಕ್ಕದು, ಸವರಿದಷ್ಟೂ ಇನ್ನೂ ಚಿಕ್ಕದಾಗುತ್ತದೆ. ಬೋಳು ಕೊಂಬೆಯಲ್ಲೂ ಹೊಸ ಮೊಗ್ಗು ಒಡೆಯುತ್ತದೆ, ಹಾಗಾಗಿ ತಪ್ಪಾಗಿ ಕತ್ತರಿಸಿದರೂ ತಿದ್ದಿಕೊಳ್ಳಬಹುದು. ನಮ್ಮ ಕಾಡಿನ ತಪಸಿ ಮರವೂ ಇದೇ ಕುಟುಂಬದ್ದು, ಆದರೆ ಅದರ ಎಲೆ ಅಗಲ. ಪುಟ್ಟ ಬೋನ್ಸಾಯ್‌ಗೆ ಒಗ್ಗದು. ಗಿಡ ಕೈಸೇರಿದ ಕೂಡಲೇ ಎಲೆ ನೋಡಿ. ಅಂಚಿನುದ್ದಕ್ಕೂ ಗರಗಸದ ಹಲ್ಲು, ತೊಟ್ಟಿನ ಬಳಿ ಒಂದು ಬದಿ ಮೇಲೆ ಒಂದು ಬದಿ ಕೆಳಗೆ ಇದ್ದರೆ ಎಲ್ಮ್. ಹೊಳಪಿನ ಎಲೆಯ ಮೇಲೆ ಬಿಳಿ ಚುಕ್ಕಿ, ತುದಿಯಲ್ಲಷ್ಟೇ ಹಲ್ಲು ಇದ್ದರೆ ಅದು ಕಾರ್ಮೋನಾ ಎಂಬ ಬೇರೆ ಗಿಡ, ಹಿಂದಿರುಗಿಸಿ. ಪ್ರಯಾಣದ ನಂತರ ಎಲ್ಮ್ ಎಲೆ ಉದುರಿಸುವುದು ಮಾಮೂಲು. ತೊಗಟೆಯನ್ನು ಉಗುರಿನಿಂದ ತುಸು ಕೆರೆದಾಗ ಹಸಿರು ಕಂಡರೆ ಜೀವವಿದೆ. ಗಾಬರಿಬಿದ್ದು ನೀರು ಹೆಚ್ಚಿಸಬೇಡಿ. ಎಲೆಯಿಲ್ಲದ ಗಿಡ ನೀರು ಕುಡಿಯುವುದೇ ಕಡಿಮೆ.

ಇನ್ನು ತಟ್ಟೆ. ಎರಡು ಇಂಚು ಆಳದ ಕುಂಡದಲ್ಲಿ ಬೇರಿಗೆ ಜಾಗವಿಲ್ಲ, ಬೇರು ಹರಡದೆ ಚಿಗುರು ಓಡುವುದಿಲ್ಲ, ಚಿಗುರು ಓಡದೆ ಕಾಂಡ ದಪ್ಪವಾಗುವುದಿಲ್ಲ. ಈಗಲೇ ತಟ್ಟೆಗೆ ಹಾಕಿದರೆ ಐದು ವರ್ಷದ ಮೇಲೂ ಅದೇ ಪೆನ್ಸಿಲ್ಲು. ಹತ್ತು ಇಂಚಿನ ಪ್ಲಾಸ್ಟಿಕ್ ಕುಂಡ ಅಥವಾ ತರಕಾರಿ ತೊಳೆಯುವ ತೂತಿನ ಬುಟ್ಟಿ ಸಾಕು. ಕೆಳಗಿನ ಒಂದು ಕೊಂಬೆಯನ್ನು ಮುಟ್ಟದೆ ಉದ್ದಕ್ಕೆ ಬಿಡಿ. ಅದು ಬೆಳೆದಷ್ಟೂ ಅದರ ಕೆಳಗಿನ ಕಾಂಡ ದಪ್ಪವಾಗುತ್ತದೆ. ಕೆಲಸ ಮುಗಿದ ಮೇಲೆ ಕೊಂಬೆ ತೆಗೆದುಹಾಕಿ, ಗಾಯವನ್ನು ಸ್ವಲ್ಪ ಒಳಗುಳಿಯಾಗಿ ಕೊರೆಯಿರಿ. ಎಲ್ಮ್‌ನ ಗಾಯ ಬೇಗ ಉಬ್ಬಿ ಮುಚ್ಚಿಕೊಳ್ಳುತ್ತದೆ. ಸಮತಟ್ಟಾಗಿ ಕತ್ತರಿಸಿದರೆ ಅಲ್ಲೊಂದು ಗಂಟು ಉಳಿಯುತ್ತದೆ.

ಪೊಟ್ಟಣದ ಮಣ್ಣು ಬಹುಪಾಲು ತೆಂಗಿನ ನಾರಿನ ಪುಡಿ. ಮಳೆಗಾಲದಲ್ಲಿ ಅದು ಆರುವುದೇ ಇಲ್ಲ, ಬೇರು ಕೊಳೆಯುತ್ತದೆ. 3ರಿಂದ 5 ಮಿ.ಮೀ. ಇಟ್ಟಿಗೆ ಚೂರು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಎರೆಗೊಬ್ಬರ ಒಂದು ಪಾಲು ಬೆರೆಸಿಕೊಳ್ಳಿ. ಇಟ್ಟಿಗೆಯ ದೂಳನ್ನು ಜರಡಿ ಹಿಡಿದು ತೆಗೆಯದಿದ್ದರೆ ಕುಂಡದ ತಳದಲ್ಲಿ ಅದೇ ಕೆಸರಾಗಿ ಕೂರುತ್ತದೆ. ಬೆಂಗಳೂರಿನ ಹವೆಯಲ್ಲಿ ಕುಂಡ ಬದಲಿಸಲು ಜನವರಿ ಕೊನೆ, ಫೆಬ್ರವರಿ ಮೊದಲು ಸರಿ, ಮೊಗ್ಗು ಊದುವ ಮುಂಚೆ. ಬೇರನ್ನು ಮೂರನೇ ಒಂದಕ್ಕಿಂತ ಹೆಚ್ಚು ಕತ್ತರಿಸಬಾರದು.

ತಂತಿ 1, 1.5, 2 ಮಿ.ಮೀ. ಇದ್ದು ರೆಂಬೆಗಳಿಗೆ ಸಾಕು, ಕಾಂಡಕ್ಕೆ ಸಾಲದು. ಬಗ್ಗಿಸುವ ಭಾಗದ ಮೂರನೇ ಒಂದರಷ್ಟು ದಪ್ಪದ ತಂತಿ ಬೇಕೆಂಬುದು ಲೆಕ್ಕ, 7 ಮಿ.ಮೀ. ಕಾಂಡಕ್ಕೆ 2.5 ಮಿ.ಮೀ. ಆಗಬೇಕು. ಇಲ್ಲವೇ 2ರದ್ದನ್ನೇ ಎರಡೆಳೆ ಅಕ್ಕಪಕ್ಕ ಸುತ್ತಿ. ಕೊಂಬೆಯ ಒಂದೂವರೆಯಷ್ಟು ಉದ್ದದ ತಂತಿ ತುಂಡರಿಸಿ, ಅದರ ಬುಡವನ್ನು ಮಣ್ಣಿಗೆ ಚುಚ್ಚಿಯೋ ಪಕ್ಕದ ಕೊಂಬೆಗೆ ಸುತ್ತಿಯೋ ಭದ್ರಮಾಡಿ, 45 ಡಿಗ್ರಿ ಓರೆಯಲ್ಲಿ ಸುತ್ತುತ್ತ ಹೋಗಿ. ಬಾಗುವಲ್ಲಿ ತಂತಿ ಹೊರಮೈಯಲ್ಲಿರಬೇಕು, ಒಳಮೈಯಲ್ಲಿದ್ದರೆ ಕೊಂಬೆ ಸೀಳುತ್ತದೆ. ಎಲ್ಮ್‌ನ ಎಳೆ ರೆಂಬೆ ಮೆತ್ತಗೆ ಬಾಗುತ್ತದೆ. ಬಲಿತದ್ದು ಕವಲಿನಲ್ಲೇ ಕಿತ್ತುಬರುತ್ತದೆ, ಅಲ್ಲಿ ಹೆಬ್ಬೆರಳಿನ ಆಸರೆ ಕೊಟ್ಟು ಬಗ್ಗಿಸಿ. ಚಿಗುರುವ ಕಾಲದಲ್ಲಿ ಎಲ್ಮ್ ಎಷ್ಟು ಬೇಗ ದಪ್ಪವಾಗುತ್ತದೆಂದರೆ ನಾಲ್ಕೇ ವಾರದಲ್ಲಿ ತಂತಿ ತೊಗಟೆಗೆ ಇಳಿಯಬಹುದು. ‘ಆರು ತಿಂಗಳು ಬಿಡಿ’ ಎನ್ನುವ ಚೀಟಿಯ ಮಾತನ್ನು ನಂಬಿದರೆ ಸುರುಳಿ ಗಾಯ ವರ್ಷಗಟ್ಟಲೆ ಉಳಿಯುತ್ತದೆ. ತೆಗೆಯುವಾಗ ಬಿಚ್ಚಲು ಹೋಗದೆ ತುಂಡುತುಂಡಾಗಿ ಕತ್ತರಿಸಿ. ಅದಕ್ಕೆ ಬೇಕಾದ ತಂತಿ ಕಟರ್ ಕಿಟ್‌ನಲ್ಲಿಲ್ಲ. ಇದು ದೊಡ್ಡ ಕೊರತೆ.

ನಿಜ ಹೇಳಬೇಕೆಂದರೆ ಎಲ್ಮ್‌ಗೆ ತಂತಿಗಿಂತ ಕತ್ತರಿಯೇ ಮೇಲು. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಕಡೆಯ ಲಿಂಗ್ನಾನ್ ಪದ್ಧತಿಯ ಪೆಂಜಿಂಗ್‌ನಲ್ಲಿ (ಚೀನೀ ಬೋನ್ಸಾಯ್) ಕೊಂಬೆಗೆ ತಿರುವು ಬರುವುದು ಮುಖ್ಯವಾಗಿ ಬೆಳೆಸಿ ಕತ್ತರಿಸುವುದರಿಂದ. ಹೊಸ ಚಿಗುರು ಆರೇಳು ಎಲೆ ಬರುವವರೆಗೆ ಬಿಟ್ಟು, ಎರಡೆಲೆಗೆ ಇಳಿಸಿ. ಎಲ್ಮ್‌ನ ಎಲೆಗಳು ಒಂದಾದ ಮೇಲೊಂದು ಎಡಕ್ಕೆ, ಬಲಕ್ಕೆ ಬರುವುದರಿಂದ ಕೊನೆಗೆ ಉಳಿಸಿದ ಎಲೆ ಯಾವ ದಿಕ್ಕಿಗಿದೆಯೋ ಮುಂದಿನ ಚಿಗುರು ಆ ದಿಕ್ಕಿಗೇ ಹೋಗುತ್ತದೆ. ಎಡಕ್ಕೆ ಬೇಕಿದ್ದರೆ ಎಡದೆಲೆಯ ಮೇಲೆ ಕತ್ತರಿಸಿ, ಅಷ್ಟೇ. ತುದಿಭಾಗ ಜೋರು, ಕೆಳಕೊಂಬೆ ಮಂದ. ಎಲ್ಲವನ್ನೂ ಒಂದೇ ಸಮ ಸವರಿದರೆ ಕೆಳಗಿನದು ಸೊರಗಿ ಸಾಯುತ್ತದೆ. ಮೇಲೆ ಬಿಗಿ, ಕೆಳಗೆ ಸಡಿಲ ಇರಲಿ. ಒಂದೇ ಜಾಗದಿಂದ ಮೂರು ನಾಲ್ಕು ಕೊಂಬೆ ಹೊರಟರೆ ಎರಡನ್ನಷ್ಟೇ ಉಳಿಸಿ, ಇಲ್ಲದಿದ್ದರೆ ಅಲ್ಲಿ ಕಾಂಡ ಊದಿಕೊಳ್ಳುತ್ತದೆ.

ಕಿಟ್‌ನ ಕತ್ತರಿ ಎಳೆ ಚಿಗುರಿಗೆ ಸರಿ, ಬೇರಿಗೆ ಬಳಸಿದರೆ ಅಲಗು ಹಾಳು. ಕೆಲವರು ಜೊತೆಗೆ ಕೀಟನಾಶಕವನ್ನೂ ಕಳಿಸುತ್ತಾರೆ. ಡೈಮಿಥೋಯೇಟ್ ಎಂದಿದ್ದರೆ ಎಲ್ಮ್‌ಗೆ ಬೇಡ, ಎಲೆ ಪೂರ್ತಿ ಉದುರೀತು. ಸಸ್ಯಹೇನಿಗೆ ಬೇವಿನೆಣ್ಣೆ ಸಾಕು: ಒಂದು ಲೀಟರ್ ನೀರಿಗೆ 5 ಮಿ.ಲೀ., ಬೆರೆಯಲು ಎರಡು ಹನಿ ಸೋಪು, ಸಿಂಪಡಣೆ ಸಂಜೆ ಹೊತ್ತು.