ತುಂಬಿದ ಮನೆ, ಖಾಲಿ ಮನೆ: ಕುವೆಂಪುನಗರದ ಮನೆ ಮಾರುವಾಗ ಎರಡನ್ನೂ ತೋರಿಸಿ ನೋಡಿದೆವು

ಅಪ್ಪ 1991ರಲ್ಲಿ ಕಟ್ಟಿಸಿದ ಮನೆ. ಮೈಸೂರಿನ ಕುವೆಂಪುನಗರ, 30-40ರ ಸೈಟು, ಕೆಳಗೆ ಎರಡು ರೂಮು, ಮಹಡಿಯ ಮೇಲೊಂದು ಸಣ್ಣ ಕೋಣೆ. ಅಪ್ಪ ಹೋದಮೇಲೆ ಅಮ್ಮ ನಾಲ್ಕು ವರ್ಷ ಒಬ್ಬಳೇ ಇದ್ದಳು. ಮಂಡಿ ನೋವು ಜಾಸ್ತಿ ಆದಮೇಲೆ ಬೆಂಗಳೂರಿಗೆ ನನ್ನ ಮನೆಗೆ ಬರಲು ಒಪ್ಪಿದಳು. 2025ರ ಮಾರ್ಚ್‌ನಲ್ಲಿ ಮಾರಾಟಕ್ಕೆ ಇಟ್ಟೆವು, ಸೆಪ್ಟೆಂಬರ್‌ನಲ್ಲಿ ನೋಂದಣಿ ಆಯಿತು. ಎಷ್ಟಕ್ಕೆ ಮಾರಿದಿರಿ ಎಂದು ಕೇಳಬೇಡಿ, ಹೇಳಬಾರದು ಅಂತ ಅಮ್ಮನ ಆಜ್ಞೆ.

ಈ ಏಳು ತಿಂಗಳಲ್ಲಿ ಪ್ರತಿ ಕೆಲಸಕ್ಕೂ ಎರಡು ದಾರಿ ಎದುರಾದವು. ಕೆಲವಕ್ಕೆ ಎರಡನ್ನೂ ಹಿಡಿದು ನೋಡಿದೆವು. ಬೇಕೆಂದೇ ಅಲ್ಲ. ಒಂದು ಕೈಕೊಟ್ಟಾಗ ಇನ್ನೊಂದು.

ಮೊದಲು, ಸಾಮಾನು ಇರುವಾಗ ತೋರಿಸಬೇಕಾ, ಖಾಲಿ ಮಾಡಿ ತೋರಿಸಬೇಕಾ? ಮಾರ್ಚ್‌ನಿಂದ ಜೂನ್‌ವರೆಗೆ ಮನೆ ಇದ್ದ ಹಾಗೇ ಇತ್ತು. ಅಮ್ಮ, ಬೀರು, ಮಂಚ, ಹಾಲ್‌ನಲ್ಲಿ ಹಾರ ಹಾಕಿದ ಅಪ್ಪನ ಫೋಟೊ, ಅಡುಗೆಮನೆ ಕಟ್ಟೆಯ ಮೇಲೆ ಉಪ್ಪಿನಕಾಯಿ ಜಾಡಿ. ಬಂದವರು ಅರ್ಧ ಗಂಟೆಗೆ ಕಡಿಮೆ ಇರುತ್ತಿರಲಿಲ್ಲ. ಅಮ್ಮನ ಕಾಫಿ ಕುಡಿದು, ಮಕ್ಕಳು ಎಲ್ಲಿ, ಯಾಕೆ ಮಾರುತ್ತಿದ್ದೀರಿ ಎಂದು ವಿಚಾರಿಸಿ ಹೋಗುತ್ತಿದ್ದರು. ಗೋಡೆಯ ಫೋಟೊ ನೋಡಿದ ಮೇಲೆ ಕೆಲವರ ದನಿಯೇ ಬದಲಾಗುತ್ತಿತ್ತು. 'ಇವರಿಗೆ ಅವಸರ ಇದೆ' ಎಂದು ಅವರ ಲೆಕ್ಕ. ಅಮ್ಮನೋ ಸತ್ಯವಂತೆ. 'ಮಳೆ ಬಂದ್ರೆ ಹಿಂದಿನ ರೂಮಿನ ಗೋಡೆ ಸ್ವಲ್ಪ ಬೂಷ್ಟು ಹಿಡಿಯುತ್ತೆ ಕಣಪ್ಪ' ಎಂದು ಕೇಳದಿದ್ದರೂ ಹೇಳಿಬಿಡುತ್ತಿದ್ದಳು. ಅಣ್ಣ ಫೋನಿನಲ್ಲಿ ಹಲ್ಲು ಕಡಿಯುತ್ತಿದ್ದ.

ಆಷಾಢ ಶುರುವಾಗುವ ಮುಂಚೆ ಅಮ್ಮನನ್ನು ಕರೆದುಕೊಂಡು ಬರಬೇಕಿತ್ತು. ಆಷಾಢದಲ್ಲಿ ಮನೆ ಬದಲಾಯಿಸುವುದಿಲ್ಲ ಎಂದು ಅವಳ ಹಠ. ಜೂನ್ ಮೂರನೇ ವಾರ ಮುಖ್ಯ ಸಾಮಾನು ಸಾಗಿಸಿದೆವು. ಉಳಿದದ್ದನ್ನು ಮಹಡಿಯ ಕೋಣೆಗೆ ತುಂಬಿ ಬೀಗ ಹಾಕಿದೆವು. ಆಮೇಲೆ ತೋರಿಸಿದ್ದೆಲ್ಲ ಖಾಲಿ ಮನೆ.

ಖಾಲಿ ಮನೆ ಬೇರೆಯದೇ ಪ್ರಾಣಿ. ಮಾತಾಡಿದರೆ ಗುಂಯ್ ಎನ್ನುತ್ತದೆ. ಕ್ಯಾಲೆಂಡರ್ ಇದ್ದ ಜಾಗದಲ್ಲಿ ಚೌಕಾಕಾರದ ಬಿಳಿ, ಮೊಳೆ ಕಿತ್ತ ತೂತು, ಮೂಲೆಯಲ್ಲಿ ಹಲ್ಲಿ ಹಿಕ್ಕೆ. ಎರಡು ವಾರ ಬಿಟ್ಟು ಬಾಗಿಲು ತೆಗೆದಾಗ ಬಚ್ಚಲಿನಿಂದ ಚರಂಡಿ ವಾಸನೆ. ಪೈಪ್ ಒಡೆದಿದೆ ಎಂದು ಹೆದರಿ ಪ್ಲಂಬರ್ ಕರೆದರೆ ಆತ ನಕ್ಕುಬಿಟ್ಟ. ನೆಲದ ಜಾಲರಿ ಕೆಳಗಿನ ಟ್ರ್ಯಾಪ್‌ನಲ್ಲಿ ನಿಂತ ನೀರೇ ವಾಸನೆ ತಡೆಯುವುದು. ಯಾರೂ ಬಳಸದಿದ್ದರೆ ಅದು ಆರಿಹೋಗುತ್ತದೆ. ವಾರಕ್ಕೊಂದು ಸಲ ಒಂದು ಚೆಂಬು ನೀರು ಸುರಿದರೆ ಸಾಕು. ಪಕ್ಕದ ಮನೆಯ ಆಂಟಿಗೆ ಬೀಗದ ಕೈ ಜೊತೆಗೆ ಈ ಕೆಲಸವನ್ನೂ ವಹಿಸಿದೆ.

ಎರಡರ ವ್ಯತ್ಯಾಸ ಸರಿಯಾಗಿ ಗೊತ್ತಾದದ್ದು ಒಂದೇ ಕುಟುಂಬದಿಂದ. ಅವರು ಏಪ್ರಿಲ್‌ನಲ್ಲಿ ಬಂದಿದ್ದರು, ಆಗಸ್ಟ್‌ನಲ್ಲಿ ಮತ್ತೆ ಬಂದರು. ಏಪ್ರಿಲ್‌ನಲ್ಲಿ ಆಕೆ ರೂಮಿನ ಬಾಗಿಲಲ್ಲೇ ನಿಂತು 'ತುಂಬಾ ಚಿಕ್ಕದು' ಅಂದಿದ್ದರು. ಆಗಸ್ಟ್‌ನಲ್ಲಿ ಅದೇ ರೂಮಿನ ನಡುವೆ ನಿಂತು 'ಅವತ್ತು ನೋಡಿದ್ದು ಇದೇನಾ?' ಎಂದು ಕೇಳಿದರು. ನನಗೆ ಒಳಗೊಳಗೇ ಖುಷಿ. ಅಷ್ಟರಲ್ಲಿ ಅವರ ಯಜಮಾನರು ಕಿಟಕಿ ಮೇಲಿನ ಸಜ್ಜಾದ ಕೆಳಗೆ ಬಿರುಕು ತೋರಿಸಿದರು. ಏಪ್ರಿಲ್‌ನಲ್ಲಿ ಪರದೆ ಅದನ್ನು ಮುಚ್ಚಿತ್ತು. ಎಂಜಿನಿಯರ್ ಕರೆತಂದು ನೋಡಿಸಿದರು. ಬರೀ ಪ್ಲಾಸ್ಟರ್ ಬಿರುಕು ಎಂದು ಗೊತ್ತಾದರೂ ಬೆಲೆಯಲ್ಲಿ ಅದಕ್ಕೊಂದಿಷ್ಟು ಇಳಿಸಿದರು. ಮಹಡಿಯ ಬೀಗದ ಕೋಣೆಯನ್ನೂ ತೆಗೆಸಿ ನೋಡದೆ ಬಿಡಲಿಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಏನೋ ಇದೆ ಅಂತಲೇ ಎಲ್ಲರ ಅನುಮಾನ.

ಮತ್ತೊಮ್ಮೆ ಮಾರಬೇಕಾದರೆ ಎರಡೂ ಬೇಡ, ಅರ್ಧ ಖಾಲಿ ಮಾಡುತ್ತೇನೆ. ಒಂದು ಮಂಚ, ಊಟದ ಟೇಬಲ್, ಪರದೆ, ದೇವರ ಮನೆಯಲ್ಲಿ ದೀಪ ಇರಲಿ. ಬೀರು, ಶೋಕೇಸ್, ಫೋಟೊ, ಅಟ್ಟದ ಗಂಟುಗಳು ಮೊದಲು ಹೋಗಲಿ. ಗೋಡೆಗೆ ಏನನ್ನೂ ಒರಗಿಸಬಾರದು. ಬೀರು ಗೋಡೆಗಂಟಿದ್ದರೆ 'ಸ್ವಲ್ಪ ಸರಿಸ್ತೀರಾ?' ಅಂತ ಕೇಳಿಯೇ ಕೇಳುತ್ತಾರೆ. ಅಮ್ಮನಂಥವರು ಮನೆಯಲ್ಲಿದ್ದರೆ ಒಳ್ಳೆಯದೇ, ಅಣ್ಣ ಏನೇ ಹೇಳಲಿ. ಬೂಷ್ಟಿನ ವಿಷಯ ಮೊದಲೇ ಕೇಳಿದವರು ಆಮೇಲೆ ಅದನ್ನು ಹಿಡಿದು ಜಗ್ಗಲಿಲ್ಲ.

ಬಣ್ಣದ ವಿಷಯ. ಇಡೀ ಮನೆಗೆ ಒಳಗೆ ಹೊರಗೆ ಬಳಿಯಲು ಸಾಮಾನು ಸಮೇತ 95 ಸಾವಿರ ಕೇಳಿದರು. ಅಣ್ಣ ಮಾಡಿಸು ಅಂದ. ನಾನು ಹಾಲ್ ಮತ್ತು ಮುಂಭಾಗ ಮಾತ್ರ ಮಾಡಿಸಿದೆ, 31 ಸಾವಿರ. ಬಂದವರಲ್ಲಿ ಒಬ್ಬರೂ ಹಾಲ್ ಚೆನ್ನಾಗಿದೆ ಅನ್ನಲಿಲ್ಲ. 'ನಾವು ಹೇಗೂ ನಮಗೆ ಬೇಕಾದ ಬಣ್ಣ ಹೊಡಿಸ್ತೀವಿ' ಎಂದವರೇ ಜಾಸ್ತಿ. ಒಬ್ಬರಂತೂ 'ಹೊಸ ಬಣ್ಣ ಯಾಕೆ, ಏನಾದ್ರೂ ಮುಚ್ಚಿದ್ದೀರಾ?' ಅಂದರು. ಗೇಟಿಗೆ ಬಳಿಸಿದ ಕಪ್ಪು ಬಣ್ಣಕ್ಕೆ ಮಾತ್ರ ಬೆಲೆ ಬಂತು. ಅದಕ್ಕೆ ಖರ್ಚಾದದ್ದು ಎರಡೂವರೆ ಸಾವಿರ.

ಬೂಷ್ಟಿನ ಗೋಡೆಗೆ ಮೊದಲು ತಪ್ಪು ಮಾಡಿದೆ. ಕೆರೆದು, ಪುಟ್ಟಿ ಹಾಕಿ, ಬಣ್ಣ ಬಳಿಸಿದೆ. ನಾಲ್ಕು ಸಾವಿರ. ಮೇ ತಿಂಗಳ ಎರಡು ಮಳೆಗೆ ಮತ್ತೆ ಗುಳ್ಳೆ ಎದ್ದಿತು. ಎರಡನೇ ಸಲ ಪ್ಲಂಬರ್ ಬಚ್ಚಲಿನ ಕಡೆಯಿಂದ ಒಡೆದು ನೋಡಿದ. ಗೋಡೆಯೊಳಗಿನ ಪೈಪಿನ ಎಲ್ಬೋ ಸೋರುತ್ತಿತ್ತು, ಟೈಲ್ಸ್ ಸಂದು ಬಾಯಿಬಿಟ್ಟಿತ್ತು. ಅದನ್ನು ಸರಿಮಾಡಿ, ಮೂರು ವಾರ ಗೋಡೆ ಒಣಗಲು ಬಿಟ್ಟು, ಆಮೇಲೆ ವಾಟರ್‌ಪ್ರೂಫ್ ಕೋಟ್. ಒಟ್ಟು 18 ಸಾವಿರ. ಪ್ಲಂಬರ್ ಕೊಟ್ಟ ಬಿಲ್ ಮತ್ತು ಒಡೆದಾಗ ತೆಗೆದ ಫೋಟೊ ತೋರಿಸಿದ್ದು ಹಾಲ್‌ನ ಹೊಸ ಬಣ್ಣಕ್ಕಿಂತ ಹೆಚ್ಚು ಕೆಲಸ ಮಾಡಿತು.

ಗಿರಾಕಿ ಹುಡುಕಲು ಮೂರು ದಾರಿ ಹಿಡಿದೆವು. ವೆಬ್‌ಸೈಟಿನಲ್ಲಿ ಹಾಕಿದ ಮೊದಲ ವಾರ 40ಕ್ಕೂ ಹೆಚ್ಚು ಕರೆ, ಮುಕ್ಕಾಲು ಪಾಲು ಬ್ರೋಕರ್‌ಗಳದ್ದೇ. ಪರಿಚಯದ ಬ್ರೋಕರ್ ಶೇ. 1 ಕೇಳಿದರು. ಅವರು ಕರೆತಂದದ್ದು ಐದೇ ಜನ, ಆದರೆ ಐವರೂ ಬ್ಯಾಂಕ್ ಸಾಲದ ಮಾತುಕತೆ ಮುಗಿಸಿದವರು. ಗೇಟಿಗೆ ನೇತುಹಾಕಿದ 'ಮನೆ ಮಾರಾಟಕ್ಕಿದೆ' ಬೋರ್ಡ್‌ಗೆ 350 ರೂಪಾಯಿ. ಅದರಿಂದ ವಾಕಿಂಗ್ ಹೋಗುವವರೆಲ್ಲ ಸುಮ್ನೆ ರೇಟು ಕೇಳಿಕೊಂಡು ಹೋದರು. ಕೊನೆಗೆ ಕೊಂಡವರು ಬಂದದ್ದೂ ಬೋರ್ಡ್ ನೋಡಿಯೇ. ಅವರ ಅಕ್ಕನ ಮನೆ ಎರಡು ರಸ್ತೆ ಆಚೆ. ಹಾಗಂತ ಬ್ರೋಕರ್ ಬೇಡ ಅನ್ನಲಾರೆ. ಅಣ್ಣ ಮನಸ್ಸಿನಲ್ಲಿಟ್ಟುಕೊಂಡ ಬೆಲೆ ಬರುವುದಿಲ್ಲ ಎಂದು ಅವನ ಮುಖಕ್ಕೆ ಹೇಳಿದ್ದು ಅವರೊಬ್ಬರೇ.

ಕಾಗದಪತ್ರದಲ್ಲಿ ಆಯ್ಕೆ ಕಡಿಮೆ. ಆಸ್ತಿಯ ಮೇಲೆ ಸಾಲ, ವಹಿವಾಟು ಏನೇನಿದೆ ಎಂದು ತೋರಿಸುವ ಋಣಭಾರ ಪತ್ರ, ಅಂದರೆ ಇಸಿಯಲ್ಲಿ 2004ರಿಂದ ಈಚೆಗಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ಸಿಕ್ಕಿತು. ಹಿಂದಿನದಕ್ಕೆ ಉಪ ನೋಂದಣಿ ಕಚೇರಿಗೆ ಹೋಗಲೇಬೇಕಾಯಿತು. ಇ-ಖಾತೆಗೆ ಒಬ್ಬರು ಮಧ್ಯವರ್ತಿಗೆ ಮುಂಗಡ ಕೊಟ್ಟು ಎರಡು ತಿಂಗಳು ಕಾದೆವು. ಕೊನೆಗೆ ನಾನೇ ಅರ್ಜಿ ಹಾಕಿ ಬೆನ್ನು ಹತ್ತಿ ಮಾಡಿಸಿದೆ. ಇಲ್ಲಿ ನಮ್ಮದೇ ಒಂದು ತಪ್ಪು ತಿಳಿವಳಿಕೆ ಇತ್ತು. ಅಪ್ಪ ಹೋದಮೇಲೆ ಖಾತೆ ಅಮ್ಮನ ಹೆಸರಿಗೆ ಆಗಿದೆ, ಅವಳೊಬ್ಬಳ ಸಹಿ ಸಾಕು ಅಂದುಕೊಂಡಿದ್ದೆವು. ಖಾತೆ ತೆರಿಗೆಯ ದಾಖಲೆ ಅಷ್ಟೇ, ಒಡೆತನದ್ದಲ್ಲ. ಅಪ್ಪ ವಿಲ್ ಬರೆದಿರಲಿಲ್ಲ. ಹಾಗಾಗಿ ಅಮ್ಮ, ಅಣ್ಣ, ನಾನು ಮೂವರೂ ಹಕ್ಕುದಾರರು, ಕ್ರಯಪತ್ರಕ್ಕೆ ಮೂವರ ಸಹಿಯೂ ಬೇಕು. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮಾರಾಟಕ್ಕೆ ಕೊಳ್ಳುವವರು ಶೇ. 1 ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಆದಾಯ ತೆರಿಗೆ, ಹಿಡಿಯಬೇಕು. ಅದನ್ನೂ ಮೂವರ ಪ್ಯಾನ್‌ಗೆ ಬೇರೆ ಬೇರೆಯಾಗಿ ಕಟ್ಟಬೇಕು. ಅಣ್ಣ ಪುಣೆಯಿಂದ ಎರಡು ಸಲ ಬಂದ.

ಬೇಡದ ಸಾಮಾನಿಗೆ ಆನ್‌ಲೈನ್ ಜಾಹೀರಾತು ವ್ಯರ್ಥ. ಸಾಗುವಾನಿ ಮಂಚಕ್ಕೆ ಬಂದ ಪ್ರಶ್ನೆಗಳಿಗೆ ಉತ್ತರ ಕೊಟ್ಟೇ ಒಂದು ಭಾನುವಾರ ಹೋಯಿತು. ಗುಜರಿಯವರು ಹಿತ್ತಾಳೆ, ತಾಮ್ರ ಚೆನ್ನಾಗಿ ತೂಗಿಕೊಂಡರು, ಮರದ್ದನ್ನು ಮುಟ್ಟಲಿಲ್ಲ. ಮಂಚವನ್ನು ಕೊನೆಗೆ ಕೆಲಸಕ್ಕೆ ಬರುತ್ತಿದ್ದ ಅಕ್ಕನಿಗೆ ಕೊಟ್ಟೆವು, ಅರ್ಧ ದಿನದಲ್ಲಿ ಖಾಲಿ. ಒರಳುಕಲ್ಲು ಮಾತ್ರ ಯಾರಿಗೂ ಬೇಡ. ನಾಲ್ಕು ಜನ ಬೇಕು ಎತ್ತಲು.

ಸಾಗಿಸುವುದರಲ್ಲಿ ಎರಡು ಟ್ರಿಪ್, ಎರಡು ರೀತಿ. ಜೂನ್‌ನಲ್ಲಿ ಪ್ಯಾಕರ್ಸ್. ವಿಡಿಯೊ ಕರೆಯಲ್ಲೇ ಸಾಮಾನು ನೋಡಿ 24,500 ಹೇಳಿದರು. ತುಂಬುವ ದಿನ 'ಪಟ್ಟಿಗಿಂತ ಜಾಸ್ತಿ ಇದೆ' ಎಂದು ಇನ್ನೂ ಮೂರು ಸಾವಿರ. ಅರ್ಧ ಸಾಮಾನು ಗಾಡಿಯಲ್ಲಿದ್ದಾಗ ಜಗಳ ಆಡಲಾಗುತ್ತದೆಯೇ? ಕಟ್ಟುವ ಕೆಲಸ ಮಾತ್ರ ಅಚ್ಚುಕಟ್ಟು. ಫ್ರಿಜ್, ಬೀರುವಿಗೆ ರಟ್ಟು ಸುತ್ತಿ, ಪ್ಲಾಸ್ಟಿಕ್ ಬಿಗಿದು, ಪ್ರತಿ ಪೆಟ್ಟಿಗೆಗೂ ನಂಬರ್. ಒಂದು ಗಾಜೂ ಒಡೆಯಲಿಲ್ಲ. ಆದರೆ ಸ್ಟೀಲ್ ಲೋಟಕ್ಕೂ ಗಾಜಿನಷ್ಟೇ ಕಾಗದ ಸುತ್ತಿದ್ದರು, ಬಿಚ್ಚಲು ನಮಗೆ ಮೂರು ದಿನ. ಮರುದಿನ ಬರಬೇಕಿದ್ದ ಗಾಡಿ ಬಂದದ್ದು ಮೂರನೇ ದಿನ. ಇನ್ಯಾರದೋ ಸಾಮಾನೂ ಅದರಲ್ಲೇ ಇತ್ತು. ಮೈಸೂರಿನಿಂದ ಬೆಂಗಳೂರಿಗೆ 145 ಕಿಲೋಮೀಟರ್, ಎರಡು ರಾತ್ರಿ ಅಮ್ಮ ಚಾಪೆ ಮೇಲೆ ಮಲಗಿದಳು.

ಸೆಪ್ಟೆಂಬರ್‌ನಲ್ಲಿ ನಾವೇ ಕಟ್ಟಿದೆವು. ಕಿರಾಣಿ ಅಂಗಡಿಯ ರಟ್ಟಿನ ಪೆಟ್ಟಿಗೆ ಒಂದಕ್ಕೆ 20 ರೂಪಾಯಿ, ಅಮ್ಮನ ಹಳೇ ಸೀರೆ, ಗೋಣಿಚೀಲ. ಕ್ಯಾಂಟರ್‌ಗೆ ಟೋಲ್ ಸೇರಿ 8,500, ಮೈಸೂರಿನಲ್ಲಿ ನಾಲ್ವರು ಹಮಾಲಿಗಳಿಗೆ 3,200, ಬೆಂಗಳೂರಿನಲ್ಲಿ ಇಳಿಸಲು 2,500. ಡ್ರೈವರ್ ಬೆಳಗಿನ ಜಾವ ನಾಲ್ಕಕ್ಕೆ ಹೊರಡಿಸಿದರು, ಬೆಂಗಳೂರಿನ ಟ್ರಾಫಿಕ್ ಹೊತ್ತಿನಲ್ಲಿ ಸರಕು ಗಾಡಿ ಸಿಕ್ಕಿಬೀಳಬಾರದು ಎಂದು. ಏಳೂವರೆಗೆ ನಮ್ಮ ಅಪಾರ್ಟ್‌ಮೆಂಟ್ ಮುಂದೆ. ಆದರೆ ಸಾಮಾನಿಗೆ ಲಿಫ್ಟ್ ಬಿಡುವುದು ಹತ್ತರ ಮೇಲೆ! ಅದನ್ನು ವಿಚಾರಿಸಿಕೊಳ್ಳದಿದ್ದದ್ದು ನನ್ನ ತಪ್ಪು, ಕಾಯಿಸಿದ್ದಕ್ಕೆ ಇನ್ನೊಂದು 500. ಒಡೆದದ್ದು ಒಂದು ಜಾಡಿ, ಸ್ಕೂಟರಿನ ಕನ್ನಡಿ. ಸ್ಕೂಟರ್ ಓಡಿಸಿಕೊಂಡೇ ಬರುತ್ತೇನೆ ಎಂದಿದ್ದ ಅಣ್ಣ. ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನ ಬಿಡುವುದಿಲ್ಲ, ಪೂರ್ತಿ ಸರ್ವಿಸ್ ರಸ್ತೆಯಲ್ಲೇ ಬರಬೇಕು. ಆಸೆ ಬಿಟ್ಟು ಕ್ಯಾಂಟರ್‌ಗೆ ಹತ್ತಿಸಿದ.

ಮನೆಯಲ್ಲಿ ಕಟ್ಟಲು ನಾಲ್ಕು ಕೈ ಇದ್ದರೆ ಕ್ಯಾಂಟರ್ ಸಾಕು. ಫ್ರಿಜ್, ವಾಷಿಂಗ್ ಮೆಷಿನ್, ಗಾಜಿನ ಶೋಕೇಸ್ ಇದ್ದರೆ ಪ್ಯಾಕರ್ಸ್, ಆದರೆ ಇಡೀ ಗಾಡಿ ನಮ್ಮೊಬ್ಬರಿಗೇ ಎಂದೂ, ಒಟ್ಟು ಮೊತ್ತ ಇಷ್ಟೇ ಎಂದೂ ಬರೆಸಿಕೊಂಡು.

ನೋಂದಣಿಗೆ ಇನ್ನು ಎರಡು ವಾರ ಇದೆ ಅನ್ನುವಾಗ ಸರ್ಕಾರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ. 1ರಿಂದ ಶೇ. 2ಕ್ಕೆ ಏರಿಸಿತು. ಕೋಟಿಗೆ ಒಂದು ಲಕ್ಷ ಹೆಚ್ಚುವರಿ. ಕೊಳ್ಳುವವರು ಅದರಲ್ಲಿ ಪಾಲು ಕೇಳಿದರು. ಇ-ಖಾತೆಗೆ ಮಧ್ಯವರ್ತಿಯನ್ನು ನಂಬಿ ಕಳೆದ ಎರಡು ತಿಂಗಳು ಆಗ ನೆನಪಾಯಿತು. ಅರ್ಧ ನಾವು ಹಾಕಿಕೊಂಡೆವು.

ಅದಕ್ಕೆ ಒಪ್ಪಿದ ದಿನವೇ ಕೊಳ್ಳುವವರ ಮನೆಯಾಕೆ ಹಿತ್ತಲಿಗೆ ಹೋಗಿ ಬಂದು ಅಮ್ಮನನ್ನು ಕೇಳಿದರು, 'ಆಂಟಿ, ಆ ಒರಳುಕಲ್ಲು ಇಲ್ಲೇ ಬಿಟ್ಟು ಹೋಗ್ತೀರಾ?' ಅಮ್ಮ ಒಂದು ಕ್ಷಣ ಯೋಚಿಸಿದ ಹಾಗೆ ಮಾಡಿ, 'ತಗೊಳ್ಳಮ್ಮ, ನಿನಗೆ ಅಂತಲೇ ಇಟ್ಟಿದ್ದೆ' ಅಂದಳು.